ಹಳೆಯ ಸೋಲ್ ಹಾಡು, ಹೊಸ ಬೀಟ್: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಸಂಗೀತ ವಿಭಾಗಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು. ಎಲ್ಲರ ಕುತೂಹಲವೂ ಒಂದೇ ಕಡೆಗೆ: 1960–70ರ ದಶಕದ ಅಮೆರಿಕದ ಸೋಲ್ ಹಾಡುಗಳ (ಅಲ್ಲಿನ ಕಪ್ಪು ಜನರ ಚರ್ಚ್ ಹಾಡುಗಾರಿಕೆಯಿಂದ ಬೆಳೆದ ಸಂಗೀತ) ತುಣುಕು ಹಿಡಿದು ಹಿಪ್-ಹಾಪ್‌ನವರು ಹೊಸ ಹಾಡು ಕಟ್ಟುವುದು ಹೇಗೆ, ನಾವೂ ಕಟ್ಟಬಹುದೇ? ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಿಪ್-ಹಾಪ್ ಹಾಡಿನ ಹಿಂದೆ ಯಾವುದೋ ಹಳೇ ಹಾಡು ಓಡುತ್ತಿರುತ್ತದೆ. "ಇನ್ನೊಬ್ಬರ ಹಾಡು ಹಾಕಿ ಅದರ ಮೇಲೆ ಮಾತಾಡಿದರೆ ಹೊಸ ಹಾಡಾಗುತ್ತಾ?" ಅಂತ ಮನೆಯಲ್ಲಿ ಅಪ್ಪ ಕೇಳುತ್ತಾರೆ. ಅವರಿಗೆ ಏನು ಹೇಳಲಿ? ಸೋಲ್ ಹಾಡುಗಳನ್ನೇ ಯಾಕೆ ಆರಿಸುತ್ತಾರೆ?
ಪದವಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಸ್ಯಾಂಪಲ್ ಎಂದರೆ ಹಳೆಯ ಧ್ವನಿಮುದ್ರಣದಿಂದಲೇ ಕತ್ತರಿಸಿ ತೆಗೆದ ತುಣುಕು. ರಾಗವನ್ನು ಮತ್ತೆ ಹಾಡಿಸಿದರೆ ಅದು ಬೇರೆ ಲೆಕ್ಕ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರಲ್ಲಿ ಡಿಜೆ ಕೂಲ್ ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ ಮೇಲಿಟ್ಟು, ಡ್ರಮ್ ಮಾತ್ರ ನುಡಿಯುವ ಕೆಲವೇ ಸೆಕೆಂಡುಗಳ ಭಾಗವನ್ನು ಒಂದಾದ ಮೇಲೊಂದು ನುಡಿಸಿ ಉದ್ದ ಮಾಡಿದರು. ಕುಣಿಯುವವರು ಕಾಯುತ್ತಿದ್ದುದೇ ಆ ಭಾಗಕ್ಕೆ. ಕೈಯಲ್ಲಿ ಮಾಡುತ್ತಿದ್ದ ಆ ಕೆಲಸವನ್ನು 1980ರ ದಶಕದಲ್ಲಿ ಸ್ಯಾಂಪ್ಲರ್ ಯಂತ್ರ ವಹಿಸಿಕೊಂಡಿತು.

1987ರಲ್ಲಿ ಬಂದ ಇ-ಮು ಕಂಪನಿಯ ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಸುಮಾರು 10 ಸೆಕೆಂಡ್ ಧ್ವನಿಗೆ ಮಾತ್ರ ಜಾಗ. ಅದರಲ್ಲೂ ಒಂದು ತುಣುಕು 2.5 ಸೆಕೆಂಡ್ ಮೀರುವಂತಿಲ್ಲ. ನಿಮಿಷಕ್ಕೆ 90 ಬೀಟ್ ವೇಗದ ಹಾಡಿನ ಒಂದು ಬಾರ್ (ನಾಲ್ಕು ಬೀಟಿನ ಒಂದು ಸುತ್ತು) 2.67 ಸೆಕೆಂಡ್, ಅಂದರೆ ಯಂತ್ರದಲ್ಲಿ ಹಿಡಿಯುವುದೇ ಇಲ್ಲ. ಹಾಗಾಗಿ 33ರ ವೇಗದ (ನಿಮಿಷಕ್ಕೆ 33⅓ ಸುತ್ತು) ರೆಕಾರ್ಡನ್ನು 45ರಲ್ಲಿ ಓಡಿಸಿ 1.98 ಸೆಕೆಂಡಿಗೆ ಇಳಿಸಿ ತುಂಬಿಕೊಂಡು, ಒಳಗೆ ಹೋದ ಮೇಲೆ ಮತ್ತೆ ನಿಧಾನ ಮಾಡುತ್ತಿದ್ದರು. ಧ್ವನಿಯ ವಿವರ ಕಡಿಮೆ ಹಿಡಿಯುವ ಆ 12-ಬಿಟ್ ಯಂತ್ರದಲ್ಲಿ ಹೀಗೆ ಎಳೆದಾಗ ಧ್ವನಿ ತುಸು ಮರಳು ಮರಳಾಗುತ್ತದೆ. ಆ ಕಾಲದ ಹಿಪ್-ಹಾಪ್‌ನ ಒರಟು ಸೊಗಸು ಬಂದದ್ದು ಜಾಗದ ಅಭಾವದಿಂದ.

ಸೋಲ್ ಯಾಕೆ? ಆ ಹಾಡುಗಳಲ್ಲಿ ಜಾಗ ಇದೆ. ವಾದ್ಯಗಾರರೆಲ್ಲ ಒಟ್ಟಿಗೆ ಕೂತು ನುಡಿಸಿದ ಸಂಗೀತವಾದ್ದರಿಂದ ವಾದ್ಯಗಳು ಒಂದೊಂದಾಗಿ ಒಳಬರುತ್ತವೆ. ಮೊದಲ ಎರಡು ಅಥವಾ ನಾಲ್ಕು ಬಾರ್ ಬರೀ ಪಿಯಾನೋನೋ ಗಿಟಾರೋ ಇರುತ್ತದೆ. ಗಾಯಕಿ ಒಂದು ಸಾಲು ಹಾಡಿ ಉಸಿರೆಳೆದುಕೊಳ್ಳುವಾಗ ಹಿಂದಿನ ತಂಡ ಒಂದು ಮಾತು ಸೇರಿಸುತ್ತದೆ. ಚರ್ಚಿನ ಹಾಡುಗಾರಿಕೆಯಿಂದ ಬಂದ ರೂಢಿ ಅದು. ರೇ ಚಾರ್ಲ್ಸ್ ಅವರ 1954ರ "ಐ ಗಾಟ್ ಎ ವುಮನ್" ಕೂಡ ಅದೇ ವರ್ಷದ ಒಂದು ಭಕ್ತಿಗೀತೆಯ ಧಾಟಿಯ ಮೇಲೆ ಕಟ್ಟಿದ್ದು. 2005ರಲ್ಲಿ ರ‍್ಯಾಪರ್ ಕಾನ್ಯೆ ವೆಸ್ಟ್ ಅವರ "ಗೋಲ್ಡ್ ಡಿಗ್ಗರ್" ಅದರ ಮೇಲೆ ನಿಂತಿತು. ವು-ಟ್ಯಾಂಗ್ ಕ್ಲ್ಯಾನ್ ತಂಡದ 1993ರ "ಸಿ.ಆರ್.ಇ.ಎ.ಎಂ." ಹಾಡನ್ನು ಆ ತಂಡದ ರಿಝಾ (RZA) ಕಟ್ಟಿದ್ದು ಚಾರ್ಮೆಲ್ಸ್ ಎಂಬ ಮಹಿಳಾ ತಂಡದ 1967ರ ಹಾಡಿನ ಆರಂಭದ ಪಿಯಾನೋ ತುಣುಕಿನ ಮೇಲೆ. ಮೂಲ ಪ್ರೇಮಗೀತೆ, ಹೊಸದು ಬಡತನದ ಕಥೆ. ಎರಡನ್ನೂ ಅಪ್ಪನಿಗೆ ಒಂದರ ಹಿಂದೊಂದು ಕೇಳಿಸಿ. ನೀವು ಕೊಡುವ ಯಾವ ವಿವರಣೆಗಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಹಾಡು ಕಟ್ಟುವ ತಂತ್ರಾಂಶ ಎಫ್‌ಎಲ್ ಸ್ಟುಡಿಯೋ ಇದೆ. ಹಾಡಿನಿಂದ ಎರಡು ಬಾರ್ ಕತ್ತರಿಸಿ ಲೂಪ್ ಹಾಕಿದರೆ (ಮತ್ತೆ ಮತ್ತೆ ಸುತ್ತಿಸಿದರೆ) ಪ್ರತಿ ಸುತ್ತಿಗೂ ಎಡವುತ್ತದೆ. ಸೇರುವ ಜಾಗದಲ್ಲಿ "ಟಿಕ್" ಎಂಬ ಸದ್ದು ಬೇರೆ. ನಾಲ್ಕು ಸುತ್ತು ಆಗುವಷ್ಟರಲ್ಲಿ ನಾನು ಹಾಕಿದ ಡ್ರಮ್ ಒಂದು ಕಡೆ, ಹಾಡು ಒಂದು ಕಡೆ. ಎಲ್ಲಿ ತಪ್ಪುತ್ತಿದೆ?
ಮಡಿಕೇರಿ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ. ಬಿಡಿಸಿಕೊಂಡು ನೋಡೋಣ.

ಮೊದಲು ಲೆಕ್ಕ. ನಾಲ್ಕು ಬೀಟಿನ ಬಾರ್ ಎಷ್ಟು ಸೆಕೆಂಡ್ ಎಂದು ತಿಳಿಯಲು 240ನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆ) ಭಾಗಿಸಿ. 72 ಬಿಪಿಎಂ ಹಾಡಾದರೆ ಒಂದು ಬಾರ್ 3.333 ಸೆಕೆಂಡ್, ಎರಡು ಬಾರ್ 6.667. ನೀವು ಕತ್ತರಿಸಿದ ತುಣುಕು 6.60 ಇದ್ದರೆ ಪ್ರತಿ ಸುತ್ತಿಗೂ 67 ಮಿಲಿಸೆಕೆಂಡ್ ಕಡಿಮೆ. 20–30 ಮಿಲಿಸೆಕೆಂಡ್ ಹೆಚ್ಚುಕಡಿಮೆಯಾದರೇ ಕಿವಿಗೆ ಗೊತ್ತಾಗುತ್ತದೆ, ಇದು ಎಡವಿದ ಹಾಗೆಯೇ ಕೇಳುತ್ತದೆ. ಡ್ರಮ್ಮಿನಿಂದ ಹಾಡು ದೂರ ಸರಿಯುವುದಕ್ಕೂ ಇದೇ ಕಾರಣ: ನಾಲ್ಕು ಸುತ್ತಿಗೆ ಕಾಲು ಸೆಕೆಂಡಿಗಿಂತ ಹೆಚ್ಚು ಕೊರತೆ ಕೂಡುತ್ತದೆ.

ಲೆಕ್ಕ ಸರಿ ಮಾಡಿದರೂ ಹಾಡು ಕೂರದಿದ್ದರೆ ಕಾರಣ ಹಳೆಯ ಡ್ರಮ್ಮರ್. ಅವರು ಮೆಟ್ರೊನೋಮ್ ಹಾಕಿಕೊಂಡು ನುಡಿಸಿದವರಲ್ಲ. ಮೊದಲ ಬಾರ್ 3.31 ಇದ್ದರೆ ಪಲ್ಲವಿಗೆ ತಿರುಗುವ ಮುನ್ನಿನ ಬಾರ್ 3.37 ಆಗಿರುತ್ತದೆ. ಎರಡು ಬಾರನ್ನು ಒಂದೇ ಉಂಡೆಯಾಗಿ ಹಿಡಿಯಬೇಡಿ. ಪ್ರತಿ ಬಾರಿನ ಮೊದಲ ಕಿಕ್ (ಕಾಲಿನಿಂದ ಹೊಡೆಯುವ ದಪ್ಪ ಡ್ರಮ್) ಹುಡುಕಿ, ಅಲ್ಲಲ್ಲೇ ಕತ್ತರಿಸಿ, ಒಂದೊಂದನ್ನೂ ಪ್ರಾಜೆಕ್ಟಿನಲ್ಲಿ ಬೀಟ್ ತೋರಿಸುವ ಗೆರೆಗೆ ಕೂರಿಸಿ. ಆಗಲೂ ನಡು ಬಾರಿನಲ್ಲಿ ಸ್ನೇರ್ (ಕೋಲಿನಿಂದ ಹೊಡೆಯುವ ಚುರುಕು ಸದ್ದಿನ ಡ್ರಮ್) ಆಚೀಚೆಯಾದರೆ ಅರ್ಧ ಬಾರಿಗೆ ಕತ್ತರಿಸಿ. ಬೀಟ್ ಬೀಟಿಗೂ ಕತ್ತರಿಸಿ ಗೆರೆಗೆ ಕೂರಿಸಿದರೆ ಅವರ ಕೈನಡೆಯೇ ಸತ್ತುಹೋಗುತ್ತದೆ. ಸಾಮಾನ್ಯವಾಗಿ ಬಾರಿನ ಮಟ್ಟದಲ್ಲೇ ನಿಲ್ಲಿಸಿ ಎಂಬುದು ನಮ್ಮ ಸಲಹೆ.

ಇನ್ನು "ಟಿಕ್". ಅಲೆ ಸೊನ್ನೆಯ ಗೆರೆ ದಾಟುವ ಜಾಗದಲ್ಲಿ ಕತ್ತರಿಸದೆ ನಡುವೆ ಕತ್ತರಿಸಿದಾಗ ಸ್ಪೀಕರಿನ ಹಾಳೆ ಒಮ್ಮೆಗೇ ಜಿಗಿಯುತ್ತದೆ, ಅದೇ ಆ ಸದ್ದು. ಚಿತ್ರವನ್ನು ಪೂರ್ತಿ ಹಿಗ್ಗಿಸಿ ನೋಡಿ. ಕಿಕ್ ಏಳುವುದಕ್ಕೆ 2–5 ಮಿಲಿಸೆಕೆಂಡ್ ಮೊದಲು, ಅಲೆ ಸೊನ್ನೆಯಲ್ಲಿರುವಾಗ ಕತ್ತರಿ ಹಾಕಿ. ಎರಡೂ ತುದಿಗೆ 3 ಮಿಲಿಸೆಕೆಂಡ್ ಫೇಡ್ (ಧ್ವನಿ ಮೆಲ್ಲಗೆ ಏರಿ ಇಳಿಯುವಂತೆ) ಕೊಡಿ. ಫೇಡ್ 20 ಮಿಲಿಸೆಕೆಂಡ್ ಆದರೆ ಕಿಕ್ಕಿನ ಏಟು ಮೊಂಡಾಗುತ್ತದೆ.

ಟಿಕ್ ಹೋದ ಮೇಲೂ ಲೂಪ್ ಸುತ್ತುವ ಜಾಗ "ತಟ್" ಎಂದು ನಿಂತಂತೆ ಕೇಳಿದರೆ, ಕೊನೆಯ ಸ್ವರದ ಅನುರಣನ ಕಡಿದುಹೋಗಿದೆ. ಮೂಲದಲ್ಲಿ ಆ ಅನುರಣನ ಮುಂದಿನ ಬಾರಿನೊಳಗೂ ಚಾಚಿಕೊಂಡಿರುತ್ತದೆ. ತುಣುಕಿನ ಕೊನೆಯ ನಂತರದ ಅರ್ಧ ಸೆಕೆಂಡನ್ನೂ ನಕಲು ಮಾಡಿಕೊಂಡು, ಬೇರೆ ಟ್ರ್ಯಾಕಿನಲ್ಲಿ ಲೂಪಿನ ಆರಂಭದ ಕೆಳಗಿಟ್ಟು, ಮೆಲ್ಲಗೆ ಆರಿಹೋಗುವಂತೆ ಮಾಡಿ. ಆ ಅರ್ಧ ಸೆಕೆಂಡಿನಲ್ಲಿ ಹೊಸ ಕಿಕ್ ಅಥವಾ ಹೊಸ ಅಕ್ಷರ ಬಾರದಂತೆ ನೋಡಿಕೊಳ್ಳಿ.

ಒಂದು ಸಣ್ಣ ಎಚ್ಚರಿಕೆ: ಲೂಪನ್ನು ಎಂಪಿ3 ಆಗಿ ಉಳಿಸಬೇಡಿ. ಎಂಪಿ3 ಮಾಡುವಾಗ ಕಡತದ ತಲೆಗೂ ಬಾಲಕ್ಕೂ ಚೂರು ಮೌನ ಸೇರಿಕೊಳ್ಳುತ್ತದೆ, ಲೂಪ್ ಮತ್ತೆ ಎಡವುತ್ತದೆ. ವೇವ್ ಕಡತ, 24-ಬಿಟ್ ಇರಲಿ.

ಬಹಳ ಜನ ಗಮನಿಸದ ವಿಷಯ ಎಡುಪು, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ. ಕರ್ನಾಟಕ ಸಂಗೀತ ಕಲಿತವರಿಗೆ ಅನಾಗತ, ಅತೀತ ಗೊತ್ತಿರುತ್ತದೆ. ಸೋಲ್ ಗಾಯಕರೂ ಎಷ್ಟೋ ಸಾಲುಗಳನ್ನು ಒಂದನೇ ಬೀಟಿಗೆ ಮುಂಚೆಯೇ ಎತ್ತಿಕೊಳ್ಳುತ್ತಾರೆ. ನೀವು ಒಂದನೇ ಬೀಟಿನಿಂದ ಕತ್ತರಿಸಿದರೆ ಮಾತಿನ ಮೊದಲ ಅಕ್ಷರ ಹಾರಿಹೋಗುತ್ತದೆ. ಅಕ್ಷರದಿಂದ ಕತ್ತರಿಸಿದರೆ ತಾಳ ಕೆಡುತ್ತದೆ. ಪರಿಹಾರ ಸುಲಭ: ವಾದ್ಯಕ್ಕೊಂದು ತುಣುಕು, ದನಿಗೊಂದು ತುಣುಕು. ದನಿಯ ತುಣುಕನ್ನು ಅದು ಮೂಲದಲ್ಲಿ ಎಷ್ಟು ಮುಂಚೆ ಬರುತ್ತಿತ್ತೋ ಅಷ್ಟೇ ಮುಂಚೆ ಇಡಿ.

ಕೊನೆಗೆ ನಿಮ್ಮ ಡ್ರಮ್. ಗೆರೆಗೆ ಸರಿಯಾಗಿ ಕೂತ ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಹಳೆಯ ಹಾಡಿನ ಪಕ್ಕದಲ್ಲಿ ಕಟ್ಟಿಗೆಯ ಹಾಗೆ ಬಿರುಸು. ಸ್ವಿಂಗ್ ಎಂಬ ತಿರುಪು ಇದಕ್ಕಾಗಿಯೇ ಇರುವುದು. ಎಂಪಿಸಿ ಎಂಬ ಸ್ಯಾಂಪ್ಲರ್ ಯಂತ್ರದ ಅಳತೆಯಲ್ಲಿ 50 ಎಂದರೆ ನೇರ ನಡೆ, 66 ಎಂದರೆ ಮೂರರ ನಡೆ. 54ರಿಂದ 58ರೊಳಗೆ ಕಿವಿ ಕೊಟ್ಟು ತಿರುಗಿಸುತ್ತಾ ಹೋಗಿ. ಹಳೆಯ ಹೈಹ್ಯಾಟೂ ನಿಮ್ಮದೂ ಒಂದೇ ಕೈಯಿಂದ ಬಂದಂತೆ ಕೇಳುವ ಜಾಗ ಒಂದು ಸಿಗುತ್ತದೆ. ನಿಧಾನದ ಸೋಲ್ ಹಾಡುಗಳಲ್ಲಿ ಪ್ರತಿ ಬೀಟಿನೊಳಗೆ ಮೂರು ಮೂರು ಎಣಿಕೆ ಇರುವುದು ಸಾಮಾನ್ಯ. ಅಂಥ ಹಾಡಿಗೆ ನಾಲ್ಕರ ಎಣಿಕೆಯ ಹೈಹ್ಯಾಟ್ ಹಾಕಿದರೆ ಯಾವ ಸ್ವಿಂಗೂ ಉಳಿಸುವುದಿಲ್ಲ. ಕತ್ತರಿ ಹಿಡಿಯುವ ಮುಂಚೆ ಕೈತಟ್ಟಿ ಎಣಿಸಿ.

ಪ್ರಶ್ನೆ: ಹಾಡುಗಾರ್ತಿಯ ದನಿ ಪುಟ್ಟ ಮಗುವಿನಂತೆ ಕೇಳುವ ಹಾಗೆ ಏರಿಸುತ್ತಾರಲ್ಲ, ಅದನ್ನು ಮಾಡಲು ಹೋದರೆ ನನ್ನದು ನೀರೊಳಗೆ ಹಾಡಿದಂತಾಗುತ್ತದೆ. ಏಕೆ?
ಗೋಣಿಕೊಪ್ಪ

ಉತ್ತರ: ನೀವು ವೇಗ ಬದಲಿಸದೆ ಸ್ಥಾಯಿ (ಪಿಚ್) ಮಾತ್ರ ಏರಿಸಿರಬೇಕು. ಆಗ ತಂತ್ರಾಂಶ ಧ್ವನಿಯನ್ನು ಸಣ್ಣ ಸಣ್ಣ ಚೂರು ಮಾಡಿ ಮತ್ತೆ ಹೊಲಿಯುತ್ತದೆ. ವಾದ್ಯ, ದನಿ, ಡ್ರಮ್ ಎಲ್ಲ ಬೆರೆತ ಹಳೆಯ ಮುದ್ರಣದಲ್ಲಿ ಆ ಹೊಲಿಗೆ ಎದ್ದು ಕೇಳುತ್ತದೆ. ಕಾನ್ಯೆ ವೆಸ್ಟ್ 2003ರ "ಥ್ರೂ ದ ವೈರ್"ನಲ್ಲಿ ಗಾಯಕಿ ಚಾಕಾ ಖಾನ್ ಅವರ 1984ರ "ಥ್ರೂ ದ ಫೈರ್"ನ ದನಿಯನ್ನು ಏರಿಸಿದ್ದು ರೆಕಾರ್ಡ್ ಬೇಗ ತಿರುಗಿಸಿದ ಬಗೆಯಲ್ಲಿ, ವೇಗವೂ ಸ್ಥಾಯಿಯೂ ಒಟ್ಟಿಗೆ. ಎಫ್‌ಎಲ್ ಸ್ಟುಡಿಯೋದಲ್ಲಿ ತುಣುಕಿನ ಸ್ಟ್ರೆಚ್ ಮೋಡನ್ನು ರೀಸ್ಯಾಂಪಲ್‌ಗೆ ಇಡಿ; ಆಡಾಸಿಟಿ ತಂತ್ರಾಂಶದಲ್ಲಾದರೆ ವೇಗ ಮತ್ತು ಪಿಚ್ ಒಟ್ಟಿಗೆ ಬದಲಿಸುವ ಎಫೆಕ್ಟ್ ಬಳಸಿ.

ಲೆಕ್ಕ ಇಲ್ಲೂ ಬೇಕು. ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳನ್ನು ಬಿಡದೆ ಎಣಿಸಿದರೆ ಒಂದರಿಂದ ಪಕ್ಕದ್ದಕ್ಕೆ ಒಂದು ಸೆಮಿಟೋನ್. 72 ಬಿಪಿಎಂ ಹಾಡನ್ನು ವೇಗ ಹೆಚ್ಚಿಸಿ ಸರಿಯಾಗಿ 90ಕ್ಕೆ ತಂದರೆ ಸ್ಥಾಯಿ 3.86 ಸೆಮಿಟೋನ್ ಏರುತ್ತದೆ. ಆ 3.86 ಯಾವ ಮನೆಗೂ ಸೇರದ ಸ್ವರ, ಮೇಲೆ ನೀವು ಕೀಬೋರ್ಡಿನಿಂದ ಬೇಸ್ (ತಗ್ಗು ಸ್ವರಗಳ ಸಾಲು) ನುಡಿಸಿದರೆ ಅಪಸ್ವರ. ಮೊದಲು ಸ್ಥಾಯಿ ನಿರ್ಧರಿಸಿ, ವೇಗ ತಾನಾಗಿ ಬರಲಿ: ಸರಿಯಾಗಿ 4 ಸೆಮಿಟೋನ್ ಏರಿಸಿದರೆ 72 ಹೋಗಿ 90.7 ಆಗುತ್ತದೆ, ಪ್ರಾಜೆಕ್ಟಿನ ವೇಗವನ್ನೇ 90.7ಕ್ಕೆ ಇಡಿ. ಬಿಪಿಎಂ ಪೂರ್ಣಾಂಕವೇ ಆಗಿರಬೇಕೆಂದು ಯಾವ ನಿಯಮವೂ ಇಲ್ಲ.

ಹೆಣ್ಣುದನಿ 3–5 ಸೆಮಿಟೋನ್ ತಾಳುತ್ತದೆ, ಅದಕ್ಕೂ ಮೇಲೆ ಹೋದರೆ ಮಾತು ತಿಳಿಯುವುದಿಲ್ಲ. ಗಂಡುದನಿಗೆ ಇನ್ನೂ ಸ್ವಲ್ಪ ಅವಕಾಶವಿದೆ. ಏರಿಸಿದ ಮೇಲೆ "ಸ", "ಶ" ಚುಚ್ಚುತ್ತವೆ. 7–9 ಕಿಲೋಹರ್ಟ್ಸ್ ಸುತ್ತ 3 ಡಿಬಿ ಇಳಿಸಿ ನೋಡಿ. ಮೂಲವನ್ನು ಯೂಟ್ಯೂಬಿನಿಂದ ಎಳೆದುಕೊಂಡಿದ್ದರೆ ಕಡತವನ್ನು ಚಿಕ್ಕದು ಮಾಡುವಾಗ ಧ್ವನಿಯಲ್ಲಿ ಉಳಿದ ಕಲೆಗಳು ಇಳಿಸಿದಾಗ, ಏರಿಸಿದಾಗ ಇನ್ನೂ ದೊಡ್ಡದಾಗಿ ಕಾಣುತ್ತವೆ. ಸಿಡಿಯೋ ರೆಕಾರ್ಡೋ ಹುಡುಕುವುದು ಒಳ್ಳೆಯದು.

ಪ್ರಶ್ನೆ: ಲೂಪ್ ಚೆನ್ನಾಗಿದೆ, ಡ್ರಮ್ ಚೆನ್ನಾಗಿದೆ. ಎರಡನ್ನೂ ಸೇರಿಸಿ ಬೇಸ್ ಹಾಕಿದರೆ ಕೆಸರು.
ಸೋಮವಾರಪೇಟೆ

ಉತ್ತರ: ಹಳೆಯ ಹಾಡಿನೊಳಗೆ ಒಬ್ಬ ಬೇಸ್ ವಾದಕ ಆಗಲೇ ಇದ್ದಾನೆ. ಅವನನ್ನು ಇಟ್ಟುಕೊಳ್ಳುತ್ತೀರೋ ಕಳಿಸುತ್ತೀರೋ ಮೊದಲು ತೀರ್ಮಾನಿಸಿ. ಕಳಿಸುವುದಾದರೆ ಲೂಪಿಗೆ ತಗ್ಗು ಸ್ವರ ಕಡಿಯುವ ಹೈಪಾಸ್ ಫಿಲ್ಟರ್ ಹಾಕಿ 120ರಿಂದ 200 ಹರ್ಟ್ಸ್‌ವರೆಗೆ ಏರಿಸುತ್ತಾ ಬನ್ನಿ, ಹಾಡಿನ ಮೈ ತೆಳ್ಳಗಾಗುವ ಮುನ್ನ ನಿಲ್ಲಿಸಿ. ಇಟ್ಟುಕೊಳ್ಳುವುದಾದರೆ ಹೊಸ ಬೇಸೇ ಬೇಡ, ಕಿಕ್ ಬಿದ್ದಾಗ ಲೂಪ್ 2–3 ಡಿಬಿ ತಗ್ಗುವಂತೆ ಸೈಡ್‌ಚೈನ್ ಕೊಟ್ಟರೆ ಸಾಕು.

ಕೆಸರಿಗೆ ಇನ್ನೊಂದು ಕಾರಣ ಶ್ರುತಿ. ಹಳೆಯ ಟೇಪ್ ಯಂತ್ರಗಳ ವೇಗ ಕರಾರುವಾಕ್ಕಾಗಿರಲಿಲ್ಲ, ಹಾಡು ಇಂದಿನ ಕೀಬೋರ್ಡಿಗಿಂತ 20–40 ಸೆಂಟ್ ಮೇಲೋ ಕೆಳಗೋ ಇರಬಹುದು (ಒಂದು ಸೆಮಿಟೋನಿಗೆ 100 ಸೆಂಟ್). ಉದ್ದಕ್ಕೆ ನಿಂತ ಒಂದು ಸ್ವರಕ್ಕೆ ಫೋನಿನ ಟ್ಯೂನರ್ ಆ್ಯಪ್ ಹಿಡಿದು ನೋಡಿ, ಅಷ್ಟು ಸೆಂಟನ್ನು ನಿಮ್ಮ ಬೇಸಿನಲ್ಲಿ ಸರಿಪಡಿಸಿ, ಲೂಪಿನಲ್ಲಿ ಅಲ್ಲ.

1960ರ ದಶಕದ ಸ್ಟೀರಿಯೋ ಮುದ್ರಣಗಳಲ್ಲಿ ಒಂದು ಅನುಕೂಲ ಇದೆ. ಆಗ ಎಷ್ಟೋ ಹಾಡುಗಳಲ್ಲಿ ಡ್ರಮ್ ಮತ್ತು ಬೇಸನ್ನು ಒಂದು ಕಿವಿಗೆ, ತಂತಿವಾದ್ಯ ಅಥವಾ ಹಾಡುಗಾರರನ್ನು ಇನ್ನೊಂದು ಕಿವಿಗೆ ಪೂರ್ತಿ ಸರಿಸುತ್ತಿದ್ದರು. ಸ್ಟೀರಿಯೋ ಕಡತವನ್ನು ಎರಡು ಮೊನೊ ಮಾಡಿ ಒಂದೊಂದೇ ಕೇಳಿ. ಬೇಕಾದ ವಾದ್ಯ ಒಂಟಿಯಾಗಿ ಸಿಕ್ಕಿಬಿಡಬಹುದು. ಸಿಗದಿದ್ದರೆ ಡೆಮುಕ್ಸ್, ಸ್ಪ್ಲೀಟರ್‌ನಂಥ ತಂತ್ರಾಂಶಗಳು ಹಾಡನ್ನು ದನಿ, ಡ್ರಮ್, ಬೇಸ್, ಉಳಿದದ್ದು ಎಂದು ನಾಲ್ಕಾಗಿ ಬಿಡಿಸಿಕೊಡುತ್ತವೆ. ಬಿಡಿಸಿದ ತುಣುಕು ಒಂಟಿಯಾಗಿ ಕೇಳಿದರೆ ನೀರುನೀರು. ಹೊಸ ಡ್ರಮ್ ಕೆಳಗೆ ಇಟ್ಟರೆ ಆ ದೋಷ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್ ಇಲ್ಲ. ಫೋನಿನಲ್ಲಿ ಆಗುತ್ತದೆಯೇ?
ಸುಂಟಿಕೊಪ್ಪ

ಉತ್ತರ: ಧಾರಾಳವಾಗಿ. ಬ್ಯಾಂಡ್‌ಲ್ಯಾಬ್ ಉಚಿತ, ಕೋಆಲಾ ಸ್ಯಾಂಪ್ಲರ್ ಎಂಬ ಆ್ಯಪ್ ಕತ್ತರಿಸುವುದಕ್ಕೆ ಹೇಳಿ ಮಾಡಿಸಿದಂತಿದೆ. ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡ: ನೀವು ಬೆರಳು ತಟ್ಟಿದ ಮೇಲೆ ಧ್ವನಿ ತಡವಾಗಿ ಬರುತ್ತದೆ, ಅದಕ್ಕೆ ಹೊಂದಿಕೊಂಡು ನೀವು ತಟ್ಟಿದ್ದೆಲ್ಲ ಆಮೇಲೆ ತಪ್ಪು ಜಾಗದಲ್ಲಿರುತ್ತದೆ. ತಂತಿಯದ್ದೇ ಹಾಕಿಕೊಳ್ಳಿ.

ಪ್ರಶ್ನೆ: ಸೈನ್ಯದಲ್ಲಿದ್ದ ನಮ್ಮ ತಾತ ತಂದಿಟ್ಟ ರೆಕಾರ್ಡುಗಳು ಅಟ್ಟದಲ್ಲಿವೆ, ಇಂಗ್ಲಿಷ್ ಹಾಡುಗಳೂ ಇವೆ, ಹಿಂದಿಯವೂ ಇವೆ. ಮಳೆಗಾಲ ಕಳೆದು ತೆಗೆದರೆ ಬೆಳ್ಳಗೆ ಬೂಷ್ಟು. ಒರೆಸಿ ಹಾಕಬಹುದೇ?
ಪೊನ್ನಂಪೇಟೆ

ಉತ್ತರ: ಒಣಬಟ್ಟೆಯಲ್ಲಿ ಒರೆಸಬೇಡಿ, ತಿರುಗಿಸಿಯೂ ನೋಡಬೇಡಿ. ಬೂಷ್ಟಿನೊಂದಿಗೆ ಇರುವ ಮಣ್ಣಿನ ಕಣಗಳನ್ನು ಮುಳ್ಳು ಗೀರಿನೊಳಕ್ಕೆ ಒತ್ತಿಬಿಡುತ್ತದೆ, ಆಮೇಲೆ ಆ ಕಟಕಟ ಸದ್ದು ಶಾಶ್ವತ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಜಗಲಿಯಲ್ಲಿ ಕೂತು ಕೆಲಸ ಶುರುಮಾಡಿ.

ಮೊದಲು ಎರಡು ಜಾತಿ ಬೇರೆ ಮಾಡಿ. 33 ಅಥವಾ 45 ಎಂದು ಬರೆದಿರುವ, ಸ್ವಲ್ಪ ಬಾಗುವ ರೆಕಾರ್ಡ್ ವಿನೈಲ್. 78 ಎಂದಿರುವ, ಭಾರವಾದ, ಬಿದ್ದರೆ ಒಡೆಯುವ ರೆಕಾರ್ಡ್ ಹೆಚ್ಚಾಗಿ ಅರಗಿನದು. ಭಾರತದಲ್ಲಿ ಇವು 1960ರ ದಶಕದಲ್ಲೂ ತಯಾರಾಗುತ್ತಿದ್ದವು. ವಿನೈಲ್‌ಗೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ವಾಸನೆಯಿಲ್ಲದ ಪಾತ್ರೆ ತೊಳೆಯುವ ದ್ರವ ಎರಡು ಹನಿ. 78ಕ್ಕೆ ಆಲ್ಕೋಹಾಲ್ ತಾಗಿಸಲೇಬಾರದು, ಅರಗು ಕರಗಿ ಗೀರುಗಳೇ ಅಳಿಸಿಹೋಗುತ್ತವೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಮತ್ತು ದ್ರವದ ಹನಿ ಅಷ್ಟೇ. ಮೆತ್ತನೆಯ ಬ್ರಷ್ಷಿನಿಂದ ಗೀರು ಸುತ್ತಿದ ದಿಕ್ಕಿನಲ್ಲೇ ಉಜ್ಜಿ, ನಡುವಿನ ಕಾಗದದ ಲೇಬಲ್ ನೆನೆಯದಂತೆ ಹಿಡಿದುಕೊಳ್ಳಿ. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆದು, ತಟ್ಟೆ ಜೋಡಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ನಲ್ಲಿ ನೀರು, ಬಾವಿ ನೀರು ಬೇಡ. ಅದರ ಸುಣ್ಣ ಗೀರಿನಲ್ಲಿ ಕೂರುತ್ತದೆ. ಹಳೆಯ ಒಳಕಾಗದದ ಕವರಿಗೆ ಮತ್ತೆ ಹಾಕಿದರೆ ಬೂಷ್ಟು ಮುಂದಿನ ಮಳೆಗಾಲಕ್ಕೆ ವಾಪಸ್ಸು ಬರುತ್ತದೆ, ಹೊಸ ಪಾಲಿಥೀನ್ ಕವರ್ ಕೊಳ್ಳಿ. ಅಟ್ಟ ಬಿಟ್ಟು ಒಳಕೋಣೆಯ ಮುಚ್ಚಿದ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಜೆಲ್ ಬಿಸಿಮಾಡಿ ಒಣಗಿಸುತ್ತಿರಿ.

ಕಂಪ್ಯೂಟರಿಗೆ ಇಳಿಸುವಾಗ 78ಕ್ಕೆ ಬೇರೆ ಮುಳ್ಳು ಬೇಕು, ಸುಮಾರು 3 ಮಿಲ್ (ಒಂದು ಮಿಲ್ ಎಂದರೆ ಇಂಚಿನ ಸಾವಿರದ ಒಂದು ಪಾಲು) ಅಗಲದ್ದು, ಎಲ್‌ಪಿಯ 0.7 ಮಿಲ್ ಮುಳ್ಳು ಗೀರಿನ ತಳದ ಕೊಳೆಯಲ್ಲಿ ಓಡಾಡಿ ಬರೀ ಕಿರಿಕಿರಿ ಕೊಡುತ್ತದೆ. ಧ್ವನಿ ತೀರಾ ತೆಳ್ಳಗೆ, ಸಣ್ಣಗೆ ಬಂದರೆ ರೆಕಾರ್ಡಿನ ಸಣ್ಣ ಧ್ವನಿಯನ್ನು ಹಿಗ್ಗಿಸುವ ಫೋನೊ ಪ್ರೀಆಂಪ್ ಇಲ್ಲ ಎಂದರ್ಥ. ಗೊಗ್ಗರಾಗಿ ಒಡೆದು ಬಂದರೆ ಟರ್ನ್‌ಟೇಬಲ್ ಒಳಗೊಂದು, ಹೊರಗೊಂದು ಎರಡು ಪ್ರೀಆಂಪ್ ಸೇರಿವೆ, ಒಂದನ್ನು ಬಂದ್ ಮಾಡಿ. ಅತಿ ಜೋರಿನ ಜಾಗದಲ್ಲಿ ಮೀಟರ್ ಮೈನಸ್ 6 ಡಿಬಿ ದಾಟದಿರಲಿ.

ಪ್ರಶ್ನೆ: ಐದು ಸೆಕೆಂಡಿಗಿಂತ ಕಡಿಮೆ ತೆಗೆದರೆ ಅನುಮತಿ ಬೇಡ ಅನ್ನುತ್ತಾರೆ. ಮೂಲ ಹಾಡಿನ ಹೆಸರು ಹಾಕಿದರೆ ಸಾಕೆಂದೂ ಹೇಳುತ್ತಾರೆ. ನಾನು ಹಳೇ ಕನ್ನಡ ಚಿತ್ರಗೀತೆಯ ತುಣುಕನ್ನೂ ಬಳಸಬೇಕೆಂದಿದ್ದೇನೆ. ಕಾನೂನು ಏನು?
ಕುಶಾಲನಗರ

ಉತ್ತರ: ಐದು ಸೆಕೆಂಡಿನ ನಿಯಮ ಎಲ್ಲೂ ಇಲ್ಲ. ಹೆಸರು ಹಾಕುವುದು ಮರ್ಯಾದೆ, ಅದು ಅನುಮತಿಯಾಗುವುದಿಲ್ಲ.

ಒಂದು ಮುದ್ರಿತ ಹಾಡಿನಲ್ಲಿ ಎರಡು ಆಸ್ತಿಗಳಿವೆ: ಸಾಹಿತ್ಯ ಮತ್ತು ಸಂಗೀತ ರಚನೆ ಒಂದು, ಆ ಧ್ವನಿಮುದ್ರಣ ಇನ್ನೊಂದು. ಸ್ಯಾಂಪಲ್ ತೆಗೆದರೆ ಎರಡೂ ಕಡೆ ಒಪ್ಪಿಗೆ ಬೇಕು. ಹಿಪ್-ಹಾಪ್‌ನ ಮೊದಲ ದೊಡ್ಡ ಹಿಟ್, 1979ರ "ರ‍್ಯಾಪರ್ಸ್ ಡಿಲೈಟ್", ಶಿಕ್ ತಂಡದ "ಗುಡ್ ಟೈಮ್ಸ್" ಹಾಡಿನ ಬೇಸನ್ನು ವಾದ್ಯಗಾರರಿಂದ ಮತ್ತೆ ನುಡಿಸಿ ಮಾಡಿದ್ದು. ಆ ಬೇಸನ್ನು ಮೂಲ ಮುದ್ರಣದಿಂದ ಕತ್ತರಿಸದಿದ್ದರೂ ರಚನೆ ಬಳಸಿದ್ದಕ್ಕೆ ಶಿಕ್‌ನ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಅವರನ್ನು ಆಮೇಲೆ ರಚನಕಾರರೆಂದು ಸೇರಿಸಬೇಕಾಯಿತು. ನೀವೂ ಮತ್ತೆ ನುಡಿಸಿದರೆ ಒಂದು ಬಾಗಿಲು ಕಡಿಮೆಯಾಗುತ್ತದೆ, ಅಷ್ಟೇ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಮಿನ ಕವರ್ ವರ್ಷನ್ (ಹಾಡನ್ನು ಹೊಸದಾಗಿ ಹಾಡಿ ಮುದ್ರಿಸುವ) ಸೌಲಭ್ಯ ರ‍್ಯಾಪ್ ಸೇರಿಸಿದವರಿಗೆ ಒದಗುವುದಿಲ್ಲ, ಏಕೆಂದರೆ ಅದರಲ್ಲಿ ರಚನೆಯನ್ನು ಬದಲಿಸುವಂತಿಲ್ಲ.

ಅಮೆರಿಕದಲ್ಲಿ 1991ರಲ್ಲಿ ಸ್ಯಾಂಪಲ್ ಬಳಸಿದ್ದಕ್ಕೆ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧದ ತೀರ್ಪು ಬಂದ ಮೇಲೆ ಅನುಮತಿಯಿಲ್ಲದೆ ಸ್ಯಾಂಪಲ್ ಹಾಕುವ ಧೈರ್ಯ ಕಂಪನಿಗಳಿಗೆ ಉಳಿಯಲಿಲ್ಲ. 2005ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಪರವಾನಗಿ ಬೇಕೆಂದಿತು. 2016ರಲ್ಲಿ ಇನ್ನೊಂದು ನ್ಯಾಯಾಲಯ 0.23 ಸೆಕೆಂಡಿನ ತುತ್ತೂರಿ ಸದ್ದನ್ನು ಲೆಕ್ಕಕ್ಕಿಲ್ಲ ಎಂದು ಬಿಟ್ಟಿತು. ಅಲ್ಲಿನ ನ್ಯಾಯಾಲಯಗಳೇ ಒಂದು ಮಾತಿಗೆ ಬಂದಿಲ್ಲ. ಡಿ ಲಾ ಸೋಲ್ ತಂಡದ 1989ರ ಮೊದಲ ಆಲ್ಬಂ ಸ್ಯಾಂಪಲ್‌ಗಳ ತೊಡಕಿನಿಂದ 2023ರವರೆಗೂ ಸ್ಟ್ರೀಮಿಂಗ್‌ಗೆ ಬರಲಾಗಲಿಲ್ಲ.

ಭಾರತದ ಹಾಡೂ ಈ ಕಥೆಯಲ್ಲಿದೆ. ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ 2002ರ "ಅಡಿಕ್ಟಿವ್" ಹಾಡು ಬಪ್ಪಿ ಲಾಹಿರಿ ಸಂಗೀತದಲ್ಲಿ ಲತಾ ಮಂಗೇಶ್ಕರ್ ಹಾಡಿದ್ದ ಗೀತೆಯ ಮೇಲೆ ಕಟ್ಟಿದ್ದು. ಬಪ್ಪಿ ಲಾಹಿರಿ ಹೆಸರು ಹಾಕದೆ ಮಾರುವಂತಿಲ್ಲವೆಂದು ಅಮೆರಿಕದ ನ್ಯಾಯಾಲಯ 2003ರಲ್ಲಿ ತಡೆ ಕೊಟ್ಟಿತು.

ನಿಮ್ಮ ಕೆಲಸಕ್ಕೆ ಬೇಕಾದ ಲೆಕ್ಕ ಹೀಗೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ರಚನೆಯ ಹಕ್ಕು ರಚನಕಾರರು ತೀರಿಹೋದ ಮರುವರ್ಷದಿಂದ 60 ವರ್ಷ. ಮುದ್ರಣದ ಅವಧಿ ಮುಗಿದಿದ್ದರೂ ಕವಿಯದೋ ಸಂಗೀತ ನಿರ್ದೇಶಕರದೋ ಮುಗಿದಿರುವುದಿಲ್ಲ ಎಂಬುದನ್ನು ಮರೆಯಬೇಡಿ. ಅಮೆರಿಕದ ಸೋಲ್ ಹಾಡಿಗೆ ಇನ್ನೊಂದು ತೊಡಕಿದೆ. 2018ರ ಕಾಯ್ದೆಯಂತೆ 1957ರಿಂದ 1972ರ ಫೆಬ್ರವರಿ ಮಧ್ಯದವರೆಗಿನ ಮುದ್ರಣಗಳಿಗೆ ಅಲ್ಲಿ 2067ರವರೆಗೆ ರಕ್ಷಣೆ. ಯೂಟ್ಯೂಬಿಗೆ ಹಾಕಿದ ಹಾಡು ಅಲ್ಲಿಯೂ ಕೇಳುವುದರಿಂದ ಇಲ್ಲಿನ ಅವಧಿ ಮುಗಿದದ್ದು ನಿಮ್ಮನ್ನು ಪೂರ್ತಿ ಕಾಯುವುದಿಲ್ಲ. ಪಿಚ್ ಏರಿಸಿದರೆ ಯೂಟ್ಯೂಬಿನಲ್ಲಿ ಹಾಡು ಗುರುತು ಹಿಡಿಯುವ ಕಂಟೆಂಟ್ ಐಡಿ ವ್ಯವಸ್ಥೆಗೆ ಸಿಗುವುದಿಲ್ಲವೆಂಬ ನಂಬಿಕೆ ಬೇಡ, ಎಷ್ಟೋ ಸಲ ಸಿಗುತ್ತದೆ.

ಕನ್ನಡ ಚಿತ್ರಗೀತೆಗೆ ಕ್ಯಾಸೆಟ್ ಹೊದಿಕೆಯ ಮೇಲಿನ ಕಂಪನಿಯ ಹೆಸರನ್ನು ನೆಚ್ಚಿಕೊಳ್ಳಬೇಡಿ, ಹಕ್ಕು ಕೈ ಬದಲಿಸಿರಬಹುದು. ಎಚ್‌ಎಂವಿ ಎಂದು ಬರೆದಿದ್ದರೆ ಈಗ ಕೇಳಬೇಕಾದದ್ದು ಸರೆಗಮದವರನ್ನು. ಅಧಿಕೃತ ಯೂಟ್ಯೂಬ್ ವಿಡಿಯೋದ ವಿವರಣೆಯಲ್ಲಿ ಲೇಬಲ್ ಹೆಸರು ಇರುತ್ತದೆ. ರಚನೆಯ ವಿಚಾರ ಗೀತರಚನಕಾರರ, ಸಂಗೀತಗಾರರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಕೇಳಿ. ಪತ್ರದಲ್ಲಿ ಹಾಡು, ಚಿತ್ರ, ವರ್ಷ, ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿನವರೆಗೆ, ನಿಮ್ಮ ಹಾಡಿನಲ್ಲಿ ಎಷ್ಟು ಸಲ ಬರುತ್ತದೆ, ಎಲ್ಲೆಲ್ಲಿ ಬಿಡುಗಡೆ ಎಂಬುದಿರಲಿ, ಹಾಡಿನ ಕರಡನ್ನೂ ಲಗತ್ತಿಸಿ. ಒಪ್ಪಿಗೆ ಬರುವ ಮುಂಚೆ ಬಿಡುಗಡೆಯ ದಿನ ಘೋಷಿಸಬೇಡಿ. ಹಳೆಯ ಸೋಲ್ ಹಾಡೇ ಬೇಕೆನ್ನುವವರು ಟ್ರ್ಯಾಕ್‌ಲಿಬ್ ತಾಣವನ್ನು ನೋಡಬಹುದು. ಎರಡೂ ಹಕ್ಕನ್ನು ಒಟ್ಟಿಗೆ ಬಗೆಹರಿಸಿಕೊಡುವ ವ್ಯವಸ್ಥೆ ಅದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಿನ್‌ಸ್ಟನ್ಸ್ ತಂಡದ 1969ರ ಹಾಡೊಂದರಲ್ಲಿ ಗ್ರೆಗರಿ ಕೋಲ್‌ಮನ್ ನುಡಿಸಿದ ನಾಲ್ಕು ಬಾರಿನ ಡ್ರಮ್ ಜಗತ್ತಿನಲ್ಲೇ ಅತಿ ಹೆಚ್ಚು ಸ್ಯಾಂಪಲ್ ಆದ ತುಣುಕುಗಳಲ್ಲೊಂದು. ಅದಕ್ಕಾಗಿ ಅವರಿಗೆ ಒಂದು ಕಾಸೂ ರಾಯಧನ ಬಾರದೆ 2006ರಲ್ಲಿ ಮನೆಯಿಲ್ಲದ ಸ್ಥಿತಿಯಲ್ಲಿ ತೀರಿಕೊಂಡರು. ಆ ತುಣುಕು ಕೇಳಿದಾಗೆಲ್ಲ ನಮಗೆ ಈ ಅನ್ಯಾಯ ನೆನಪಾಗುತ್ತದೆ.

ಪ್ರಶ್ನೆ: ಸೋಲ್ ಬಿಡಿ, ನಮ್ಮ ವಾಲಗ, ದುಡಿ (ಕೈಯಲ್ಲಿ ಹಿಡಿದು ಬಡಿಯುವ ಚಿಕ್ಕ ಚರ್ಮವಾದ್ಯ), ಬಾಳೋಪಾಟನ್ನೇ (ದುಡಿ ಬಡಿಯುತ್ತ ಹಾಡುವ ಕೊಡವ ಜನಪದ ಹಾಡು) ಸ್ಯಾಂಪಲ್ ಮಾಡಿದರೆ? ಮದುವೆಯಲ್ಲಿ ಫೋನಿನಲ್ಲಿ ಹಿಡಿದದ್ದು ಬಳಸಲು ಹೋದರೆ ದುಡಿಯ ಏಟೇ ಇಲ್ಲ.
ನಾಪೋಕ್ಲು

ಉತ್ತರ: ಬಹಳ ಒಳ್ಳೆಯ ಯೋಚನೆ, ಈ ಪುಟದಲ್ಲಿ ನಮಗೆ ಅತ್ಯಂತ ಖುಷಿ ಕೊಟ್ಟ ಪತ್ರವೂ ಹೌದು. ಏಟು ಹೋಗಿರುವುದು ಫೋನು ತಾನೇ ಧ್ವನಿ ಏರಿಸಿ ಇಳಿಸುವುದರಿಂದ: ಜೋರು ಪೆಟ್ಟು ಬಿದ್ದ ಕ್ಷಣ ಎಲ್ಲವನ್ನೂ ತಗ್ಗಿಸಿ, ಮತ್ತೆ ಮೆಲ್ಲಗೆ ಎತ್ತುತ್ತದೆ. ಧ್ವನಿಮಟ್ಟವನ್ನು ಕೈಯಲ್ಲೇ ನಿಗದಿಪಡಿಸಬಹುದಾದ ರೆಕಾರ್ಡಿಂಗ್ ಆ್ಯಪ್ ಹಾಕಿ, ಆಟೋ ಗೇನ್ ಬಂದ್ ಮಾಡಿ, ಮೀಟರ್ ಮೈನಸ್ 12 ಡಿಬಿ ಸುತ್ತ ಇರುವಂತೆ ಇಟ್ಟು, ದುಡಿಯಿಂದ ಒಂದೂವರೆಯಿಂದ ಎರಡು ಮೀಟರ್ ದೂರದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ. ಕೊಂಬು ಊದುವವರ ಎದುರಿಗಂತೂ ಇಡಬೇಡಿ, ಪಕ್ಕಕ್ಕೆ ಸರಿಸಿ.

ಮದುವೆ ಮನೆಯ ಗದ್ದಲದಲ್ಲಿ ಹಿಡಿದದ್ದು ನೆನಪಿಗೆ ಸರಿ, ಸ್ಯಾಂಪಲ್‌ಗೆ ಅಲ್ಲ. ಬಾಳೋಪಾಟ್ ಹಾಡುವವರನ್ನು ಬೇರೆ ದಿನ ಕರೆದು, ಸಂಭಾವನೆ ಕೊಟ್ಟು, ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ನಡುಕೋಣೆಯಂಥ ಮರದ ಮಾಡಿರುವ ಜಾಗದಲ್ಲಿ ಮುದ್ರಿಸಿ. ಮಳೆಗಾಲ ಬೇಡ. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿಕೊಂಡಿರುತ್ತದೆ, ಅದನ್ನು ತೆಗೆಯಲು ಹೋದರೆ ದುಡಿಯ ಏಟಿನ ಚೂಪೂ ಅದರ ಜತೆ ಹೋಗುತ್ತದೆ. ಮೊದಲು ಎಲ್ಲರೂ ಸೇರಿ ಪೂರ್ತಿ ಹಾಡು; ಆಮೇಲೆ ದುಡಿ ಮಾತ್ರ ನಾಲ್ಕು ನಿಮಿಷ; ಆಮೇಲೆ ಒಂದೊಂದೇ ಪೆಟ್ಟು, ಮೆಲು, ನಡು, ಜೋರು ಹತ್ತತ್ತು ಸಲ; ಕೊನೆಗೆ ಯಾರೂ ಮಾತಾಡದೆ ಕೋಣೆಯ ಬರಿಯ ಮೌನ 30 ಸೆಕೆಂಡ್. ಆ ಮೌನ ಲೂಪಿನ ಸಂದುಗಳನ್ನು ಮುಚ್ಚಲು ಬೇಕೇಬೇಕು.

ನಡೆ ಮೂರರ ಎಣಿಕೆಯಲ್ಲಿದ್ದರೆ ನಾಲ್ಕರ ಹಿಪ್-ಹಾಪ್ ಡ್ರಮ್ಮಿಗೆ ಬಗ್ಗಿಸಲು ಹೋಗಬೇಡಿ, ನಿಮ್ಮ ಕಿಕ್ ಮತ್ತು ಸ್ನೇರನ್ನೇ ಮೂರರ ನಡೆಗೆ ತನ್ನಿ. ರ‍್ಯಾಪ್‌ನ ಮಾತು ಮೂರರಲ್ಲೂ ಚೆನ್ನಾಗಿ ಓಡುತ್ತದೆ. ಪ್ರೊಗ್ರಾಂನಲ್ಲಿ 6/8 ಎಂದು ಮೊದಲೇ ಇಟ್ಟುಕೊಂಡರೆ ಗೆರೆಗಳು ಸರಿಯಾಗಿ ಬೀಳುತ್ತವೆ.

ಹಕ್ಕಿನ ವಿಷಯ: ಪರಂಪರೆಯಿಂದ ಬಂದ ಹಾಡು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಆಕಾಶವಾಣಿಯದೋ ಕ್ಯಾಸೆಟ್ ಕಂಪನಿಯದೋ ಮುದ್ರಣ ಅವರವರದ್ದು, ಅದರಿಂದ ಕತ್ತರಿಸಲು ಅವರ ಅನುಮತಿ ಬೇಕು. ನೀವೇ ಮುದ್ರಿಸಿದರೂ ಹಾಡಿದವರಿಗೆ, ನುಡಿಸಿದವರಿಗೆ ಕಲಾವಿದರ ಹಕ್ಕು 50 ವರ್ಷ ಇರುತ್ತದೆ. ಒಂದು ಪುಟದ ಒಪ್ಪಂದ ಸಾಕು: ಯಾರು, ಯಾವ ದಿನ, ಯಾವ ಹಾಡು, ಕತ್ತರಿಸಿ ಬಳಸಲು ಒಪ್ಪಿಗೆ, ಮುಂಗಡ ಎಷ್ಟು, ಬಂದ ಆದಾಯದಲ್ಲಿ ಪಾಲೆಷ್ಟು, ಹೆಸರು ಹೇಗೆ ಬರೆಯಬೇಕು. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿ ಸಹಿ ಹಾಕಿಸಿಕೊಳ್ಳಿ, ಒಂದು ಪ್ರತಿ ಅವರ ಕೈಗೆ ಕೊಡಿ. ದೇವರ ಉತ್ಸವ, ಕಾರಣರ (ಹಿರಿಯರ ಆತ್ಮಗಳ) ಕಾರ್ಯ, ಸಾವಿನ ಸಂದರ್ಭಕ್ಕೆಂದೇ ಇರುವ ಹಾಡು ಅಥವಾ ಬಡಿತ ಯಾವುದೆಂದು ಮುದ್ರಿಸುವ ಮುಂಚೆಯೇ ಹಿರಿಯರನ್ನು ಕೇಳಿ, ಅವನ್ನು ಬಿಟ್ಟುಬಿಡಿ. ಕಡತಕ್ಕೆ ಹಾಡಿನ ಹೆಸರು, ಹಾಡಿದವರ ಹೆಸರು, ಊರು, ದಿನಾಂಕ, ಬಿಪಿಎಂ ಹಾಕಿ ಉಳಿಸಿ, ಎರಡು ಕಡೆ ಇಡಿ. ಪೂರ್ತಿ ಮುದ್ರಣದ ಒಂದು ಪ್ರತಿಯನ್ನು ಹಾಡಿದವರ ಮನೆಗೂ ಪೆನ್‌ಡ್ರೈವಿನಲ್ಲಿ ಕೊಟ್ಟು ಬನ್ನಿ.